ಅಪಾರ್ಟ್‌ಮೆಂಟಿನ ಫೈರ್ ಡೋರ್: ರಿಪೇರಿ ಸಾಕಾ, ಬದಲಾಯಿಸಬೇಕಾ? ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಅಪಾರ್ಟ್‌ಮೆಂಟಿನ ಆರನೇ ಮಹಡಿಯಲ್ಲಿ ಮೆಟ್ಟಿಲಿಗೆ ಹೋಗುವ ಫೈರ್ ಡೋರ್, ಅಂದರೆ ಬೆಂಕಿ ಹೊಗೆ ತಡೆಯುವ ಬಾಗಿಲು, ಮುಚ್ಚಿದ್ದನ್ನು ನಾನು ವರ್ಷಗಟ್ಟಲೆ ನೋಡಿರಲೇ ಇಲ್ಲ. ಅದರ ಬುಡಕ್ಕೆ ಒಂದು ಅರ್ಧ ಇಟ್ಟಿಗೆ ಒರಗಿಸಿಟ್ಟಿದ್ದರು. ಇಟ್ಟವರು ಯಾರು ಅಂತ ಕೇಳಿದರೆ ಹೌಸ್‌ಕೀಪಿಂಗ್‌ನವರು ಸೆಕ್ಯುರಿಟಿ ಕಡೆ ಕೈ ತೋರಿಸುತ್ತಿದ್ದರು, ಸೆಕ್ಯುರಿಟಿಯವರು ಪೇಪರ್ ಹಾಕುವ ಹುಡುಗನ ಕಡೆ. "ಮುಚ್ಚಿದ್ರೆ ಗಾಳಿನೇ ಆಡಲ್ಲ ಸಾರ್, ಲಾಬಿ ಕತ್ತಲಾಗುತ್ತೆ" ಅನ್ನುವುದು ಎಲ್ಲರ ವಾದ. ಅಸೋಸಿಯೇಷನ್‌ನಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುವ ಸರದಿ ನನಗೆ ಬಂದಾಗ ಮೊದಲು ಆ ಇಟ್ಟಿಗೆ ತೆಗೆದೆ. ಬಾಗಿಲು ಅಲ್ಲಾಡಲಿಲ್ಲ. ಬಾಗಿಲನ್ನು ತಾನಾಗಿ ಮುಚ್ಚಿಸುವ ಕ್ಲೋಸರ್ ಎಣ್ಣೆ ಸೋರಿ ಸತ್ತಿತ್ತು. ಕೈಯಿಂದ ಎಳೆದು ಮುಚ್ಚಿದರೆ ಕೆಳಗಿನ ಅಂಚು ನೆಲಕ್ಕೆ ಕೆರೆದು ಅರ್ಧಕ್ಕೇ ನಿಂತಿತು.

ಆಮೇಲೆ ಎರಡೂ ಮೆಟ್ಟಿಲುಗಳ ಬಾಗಿಲು ನೋಡಿಕೊಂಡು ಬಂದೆ. ಒಟ್ಟು 22. ಅದರಲ್ಲಿ ತಾನಾಗಿ ಮುಚ್ಚಿ, ಚಿಲಕ ಬಿದ್ದು ನಿಂತವು ಐದೇ ಐದು. ಅಲ್ಲಿಂದ ಶುರುವಾದ ಕೆಲಸ ಮುಗಿಯಲು ಎಂಟು ತಿಂಗಳು ಹಿಡಿಯಿತು. ನಾವು ಮಾಡಿದ ತಪ್ಪುಗಳನ್ನೂ ಸೇರಿಸಿ, ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಇದೇ ಕೆಲಸ ಹೇಗೆ ಮಾಡಿಸಬಹುದು ಅಂತ ಇಲ್ಲಿ ಬರೆದಿದ್ದೇನೆ.

ಈ ಬಾಗಿಲು ತಡೆಯಬೇಕಾದದ್ದು ಏನು?

ಬೆಂಕಿ ಅಂತ ಹೇಳಿದರೆ ಅರ್ಧ ಉತ್ತರ. ಮೊದಲು ತಡೆಯಬೇಕಾದದ್ದು ಹೊಗೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ತೀರಿಕೊಂಡರು. ಅದು ಆಫೀಸ್ ಕಟ್ಟಡ, ಅಪಾರ್ಟ್‌ಮೆಂಟ್ ಅಲ್ಲ. ಆದರೆ ಅಲ್ಲಿ ಆದದ್ದು ನಮ್ಮಲ್ಲೂ ಆಗಬಹುದಾದದ್ದೇ. ಬೆಂಕಿ ಕಾಣಿಸಿಕೊಂಡದ್ದು ವಿದ್ಯುತ್ ಕೇಬಲ್‌ಗಳ ಡಕ್ಟ್‌ನಲ್ಲಿ. ಹೊಗೆ ಮಾತ್ರ ಮೇಲಿನ ಮಹಡಿಗಳಿಗೆಲ್ಲ ತುಂಬಿಕೊಂಡಿತು. ಹೊರಗೆ ಹೋಗುವ ಬಾಗಿಲಿಗೆ ಬೀಗ ಬಿದ್ದಿತ್ತು. ಉಸಿರಾಡಲಾಗದೆ ಕೆಲವರು ಕಿಟಕಿಯಿಂದ ಜಿಗಿದರು.

ಮೆಟ್ಟಿಲ ಕೋಣೆ ಅನ್ನುವುದು ಒಂದು ಚಿಮಣಿ ಇದ್ದ ಹಾಗೆ. ಕೆಳಗೆ ಎಲ್ಲೋ ಒಂದು ಬಾಗಿಲು ತೆರೆದಿದ್ದರೆ ಬಿಸಿ ಹೊಗೆ ಸೀದಾ ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ಲಿಫ್ಟ್ ಬಳಸಬೇಡಿ, ಮೆಟ್ಟಿಲು ಇಳಿಯಿರಿ ಅಂತ ಬೋರ್ಡ್ ಹಾಕಿರುತ್ತೇವೆ. ಆ ಮೆಟ್ಟಿಲೇ ಹೊಗೆಯಿಂದ ತುಂಬಿದರೆ ಇಳಿಯುವುದು ಎಲ್ಲಿ? ಅದಕ್ಕೇ ನ್ಯಾಷನಲ್ ಬಿಲ್ಡಿಂಗ್ ಕೋಡ್ 2016ರ 4ನೇ ಭಾಗ, ಮೆಟ್ಟಿಲು ಮತ್ತು ಲಿಫ್ಟ್ ಲಾಬಿಯ ಬಾಯಲ್ಲಿ 120 ನಿಮಿಷ ತಡೆದುಕೊಳ್ಳುವ ಬಾಗಿಲು ಇರಬೇಕು ಅನ್ನುತ್ತದೆ.

120 ನಿಮಿಷ ಅಂದರೆ ಎಷ್ಟು ಬಿಸಿ? ಪರೀಕ್ಷೆಯಲ್ಲಿ ಬಾಗಿಲನ್ನು ಚೌಕಟ್ಟಿನ ಸಮೇತ ಒಂದು ಕುಲುಮೆಯ ಬಾಯಿಗೆ ಕೂರಿಸಿ ಉರಿಸುತ್ತಾರೆ. ಅರ್ಧ ಗಂಟೆಗೆ ಒಳಗಿನ ಶಾಖ ಸುಮಾರು 840 ಡಿಗ್ರಿ, ಒಂದು ಗಂಟೆಗೆ 945, ಎರಡು ಗಂಟೆಗೆ 1,050ರ ಹತ್ತಿರ. ಈ ಮಾತಿನಲ್ಲಿ ನೆನಪಿಡಬೇಕಾದ್ದು 'ಚೌಕಟ್ಟಿನ ಸಮೇತ' ಅನ್ನುವುದನ್ನು. ಕದ, ಚೌಕಟ್ಟು, ಹಿಂಜ್, ಲಾಕ್, ಗಾಜು, ಸಂದಿನ ಪಟ್ಟಿ ಎಲ್ಲ ಸೇರಿ ಒಂದು ಸೆಟ್. ಸರ್ಟಿಫಿಕೇಟ್ ಸಿಗುವುದು ಆ ಸೆಟ್‌ಗೆ. ಒಳ್ಳೆ ಕದ ತಂದು ಹಳೇ ಚೌಕಟ್ಟಿಗೆ, ಬೀದಿ ಅಂಗಡಿಯ ಹಿಂಜ್‌ನಲ್ಲಿ ನೇತುಹಾಕಿದರೆ ಸರ್ಟಿಫಿಕೇಟ್ ಬರೀ ಕಾಗದ. ನಮ್ಮ ಕಡೆ ಹಾಳಾಗುವ ದುಡ್ಡೆಲ್ಲ ಬಹುಪಾಲು ಇಲ್ಲೇ ಹಾಳಾಗುವುದು.

1. ಮೊದಲು ಎಣಿಸಿ, ನಂಬರ್ ಹಾಕಿ, ಫೋಟೊ ತೆಗೆಯಿರಿ

ಕೊಟೇಶನ್ ಕರೆಯುವ ಮುಂಚೆ ಒಂದು ಭಾನುವಾರ ಇದಕ್ಕೆ ಕೊಡಿ. ಇಬ್ಬರು ಸಾಕು. ಬೇಕಾದ್ದು ಟೇಪು, ಟಾರ್ಚು, ಸ್ಕ್ರೂಡ್ರೈವರ್, ಎರಡು ನಾಣ್ಯ, ಒಂದು ಊದುಬತ್ತಿ ಪ್ಯಾಕೆಟ್. ಊದುಬತ್ತಿ ಯಾಕೆ ಅಂತ ಮುಂದೆ ಹೇಳುತ್ತೇನೆ.

ಟೆರೇಸಿನಿಂದ ಶುರುಮಾಡಿ ಬೇಸ್‌ಮೆಂಟ್‌ಗೆ ಇಳಿಯಿರಿ. ಪ್ರತಿ ಬಾಗಿಲಿಗೂ ಒಂದು ನಂಬರ್ ಬರೆಯಿರಿ: ಎ ಮೆಟ್ಟಿಲು, ಆರನೇ ಮಹಡಿ ಆದರೆ 'ಎ-6'. ಮೆಟ್ಟಿಲ ಬಾಗಿಲುಗಳನ್ನಷ್ಟೇ ನೋಡಬೇಡಿ. ಕೇಬಲ್ ಡಕ್ಟ್‌ನ ಬಾಗಿಲು, ಎಲೆಕ್ಟ್ರಿಕಲ್ ರೂಮ್, ಬೇಸ್‌ಮೆಂಟಿನಿಂದ ಲಿಫ್ಟ್ ಲಾಬಿಗೆ ಬರುವ ಬಾಗಿಲು, ಟೆರೇಸ್ ಬಾಗಿಲು, ಇವನ್ನೂ ಪಟ್ಟಿಗೆ ಹಾಕಿ. ಡಕ್ಟ್ ಬಾಗಿಲು ತೆಗೆದಾಗ ಒಳಗೆ ಟಾರ್ಚ್ ಬಿಡಿ. ಕೇಬಲ್ ಇಳಿಯುವ ಜಾಗದಲ್ಲಿ ಕೆಳಗಿನ ಮಹಡಿ ಕಂಡರೆ ಆ ಸಂದು ಮುಚ್ಚಿ ಬೆಂಕಿ ತಡೆಯಬೇಕಾದ ತುಂಬು (ಫೈರ್ ಸೀಲ್) ಹೋಗಿದೆ ಎಂದರ್ಥ. ನಮ್ಮಲ್ಲಿ ಇಂಟರ್ನೆಟ್ ಕೇಬಲ್ ಎಳೆದವರು ತೂತು ಕೊರೆದು ಹಾಗೇ ಬಿಟ್ಟು ಹೋಗಿದ್ದರು, ಏಳು ಮಹಡಿಗಳಲ್ಲಿ. ಅದನ್ನು ಮುಚ್ಚಿಸದೆ ಬಾಗಿಲು ಎಷ್ಟೇ ಗಟ್ಟಿ ಹಾಕಿದರೂ ಸುಮ್ನೆ.

ಒಂದೊಂದು ಬಾಗಿಲಲ್ಲೂ ನೋಡಬೇಕಾದ್ದು ಇವು.

ಲೇಬಲ್: ಕದದ ಅಂಚಿನಲ್ಲಿ, ಹಿಂಜ್ ಇರುವ ಬದಿ ಅಥವಾ ತಲೆಯ ಮೇಲೆ ಒಂದು ಸಣ್ಣ ಲೋಹದ ತಗಡು ಇರುತ್ತದೆ. ತಯಾರಕರ ಹೆಸರು, ಎಷ್ಟು ನಿಮಿಷ, ಸೀರಿಯಲ್ ನಂಬರ್ ಅದರಲ್ಲಿ ಇರಬೇಕು. ಪೇಂಟ್ ಬಳಿದು ಮುಚ್ಚಿರುವುದೇ ಜಾಸ್ತಿ, ನಾಜೂಕಾಗಿ ಕೆರೆದು ನೋಡಿ.

ಸಂದು: ಕದ ಮುಚ್ಚಿದಾಗ ತಲೆ ಮತ್ತು ಎರಡು ಬದಿಗಳಲ್ಲಿ ಸುಮಾರು 3 ಮಿ.ಮೀ. ಇರಬೇಕು. ಈಗಿನ ಎರಡು ಒಂದು ರೂಪಾಯಿ ನಾಣ್ಯ ಒಂದರ ಮೇಲೊಂದು ಇಟ್ಟರೆ ಹತ್ತಿರ ಹತ್ತಿರ ಅಷ್ಟೇ ದಪ್ಪ. ನಾಣ್ಯಗಳು ಬಿಗಿಯಾಗಿ ಹೋದರೆ ಸರಿ. ಬೆರಳು ಹೋದರೆ ಬರೆದುಕೊಳ್ಳಿ.

ಮುಚ್ಚುವುದು: ಪೂರ್ತಿ ತೆರೆದು ಬಿಡಿ. ಆಮೇಲೆ ಒಂದು ಗೇಣು ಮಾತ್ರ ತೆರೆದು ಬಿಡಿ. ಎರಡೂ ಸಲ ತಾನಾಗಿ ಮುಚ್ಚಿ, ಚಿಲಕ 'ಟಕ್' ಅನ್ನಬೇಕು. ಗೇಣು ತೆರೆದಾಗ ಫೇಲ್ ಆಗುವ ಬಾಗಿಲುಗಳೇ ಹೆಚ್ಚು, ಯಾಕೆಂದರೆ ಅಲ್ಲಿ ಓಟದ ವೇಗ ಸಿಗುವುದಿಲ್ಲ.

ಬುಡ: ನೆಲದಿಂದ ಒಂದು ಗೇಣು ಎತ್ತರದವರೆಗೆ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಿ. ನಮ್ಮ ಕಡೆ ಮೆಟ್ಟಿಲು ಗುಡಿಸಿ ಒರೆಸುವುದಿಲ್ಲ, ಬಕೆಟ್ ನೀರು ಸುರಿದು ತೊಳೆಯುತ್ತಾರೆ. ತಿಂಗಳಿಗೊಮ್ಮೆ ಆಸಿಡ್ ಕೂಡ. ಕಬ್ಬಿಣದ ತಗಡಿನ ಬಾಗಿಲು ಮೇಲೆ ಹೊಸದರ ಹಾಗೆ ಕಂಡರೂ ಕೆಳಗೆ ಹಪ್ಪಳ ಆಗಿರುತ್ತದೆ. ನಮ್ಮ ಎ-2ರಲ್ಲಿ ಸ್ಕ್ರೂಡ್ರೈವರ್ ಸಲೀಸಾಗಿ ಒಳಗೆ ಹೋಯಿತು. ಹೊರಗೆ ಎಳೆದಾಗ ಅದರ ಜೊತೆ ಒದ್ದೆ ಕಾಗದದ ಚೂರು ಬಂತು. ಒಳಗೆ ತುಂಬಿದ್ದ ಜೇನುಗೂಡಿನಂಥ ರಟ್ಟು ಅದು, ನೀರು ಕುಡಿದು ಕೊಳೆತಿತ್ತು.

ಗಾಜು: ಬೆಂಕಿ ತಡೆಯುವ ಗಾಜು ಅಂತ ತೋರಿಸುವ ಗುರುತು ಮೂಲೆಯಲ್ಲಿ ಕೊರೆದಿದೆಯಾ? ಒಡೆದ ಗಾಜಿನ ಬದಲಿಗೆ ಯಾರೋ ಮಾಮೂಲಿ ಗಾಜು ಹಾಕಿರುತ್ತಾರೆ. ಬಿಸಿಗೆ ಅದು ಕೆಲವೇ ನಿಮಿಷದಲ್ಲಿ ಸಿಡಿಯುತ್ತದೆ.

2. ರಿಪೇರಿ ಸಾಕಾ?

ಎಲ್ಲವನ್ನೂ ಕಿತ್ತು ಹಾಕಿ ಅನ್ನುವ ಮಾರಾಟಗಾರರನ್ನೂ ನಂಬಬೇಡಿ, ಪೇಂಟ್ ಹೊಡೆದರೆ ಸಾಕು ಅನ್ನುವ ಕಮಿಟಿಯವರನ್ನೂ ನಂಬಬೇಡಿ. ನಮ್ಮ 22ರಲ್ಲಿ 9 ಬಾಗಿಲು ರಿಪೇರಿಯಲ್ಲೇ ಉಳಿದುಕೊಂಡವು.

ಲೇಬಲ್ ಇದೆ, ಕದ ನೇರವಾಗಿದೆ, ಬುಡ ಗಟ್ಟಿ ಇದೆ ಎಂದರೆ ಕ್ಲೋಸರ್, ಹಿಂಜ್, ಲಾಕ್, ಸಂದಿನ ಪಟ್ಟಿ ಬದಲಾಯಿಸಿ ಸರಿಮಾಡಬಹುದು. ಹೊಸದಾಗಿ ಹಾಕುವ ಸಾಮಾನು ಅದೇ ಬಾಗಿಲಿನ ಪರೀಕ್ಷೆಯಲ್ಲಿ ಬಳಸಿದ ಜಾತಿಯದ್ದೇ ಆಗಿರಬೇಕು. ಕದ ಸ್ವಲ್ಪ ಜೋತು ಬಿದ್ದಿದ್ದರೆ ಹಿಂಜ್‌ನ ಹಿಂದೆ ತೆಳುವಾದ ಲೋಹದ ಪಟ್ಟಿ ಕೊಟ್ಟು ಎತ್ತಬಹುದು.

ಸಂದಿನ ಪಟ್ಟಿ ಎಂದರೆ ಚೌಕಟ್ಟಿನ ಅಥವಾ ಕದದ ಅಂಚಿನಲ್ಲಿ ಓಡುವ ಬೆರಳಗಲದ ಪಟ್ಟಿ. ಸುಮಾರು 200 ಡಿಗ್ರಿ ಬಿಸಿ ತಾಗಿದರೆ ಅದು ಪೂರಿಯ ಹಾಗೆ ಉಬ್ಬಿ ಸಂದನ್ನು ಮುಚ್ಚುತ್ತದೆ. ಆದರೆ ತಣ್ಣನೆಯ ಹೊಗೆ ಬರುವಾಗ ಅದು ಇನ್ನೂ ಉಬ್ಬಿರುವುದಿಲ್ಲ. ಹೊಗೆಗೆ ಬ್ರಷ್ ಅಥವಾ ರಬ್ಬರ್ ಅಂಚು ಇರುವ ಪಟ್ಟಿ ಬೇರೆ ಬೇಕು. ಎರಡೂ ಸೇರಿದ ಪಟ್ಟಿಗಳೂ ಸಿಗುತ್ತವೆ. ಕೊಟೇಶನ್‌ನಲ್ಲಿ ಬರೀ 'ಸೀಲ್' ಅಂತ ಇದ್ದರೆ ಯಾವುದು ಅಂತ ಕೇಳಿ.

ತುಕ್ಕು ತಿಂದ ತಗಡಿಗೆ ಪಟ್ಟಿ ಹಾಕುವುದು, ಪುಟ್ಟಿ ತುಂಬಿ ಪೇಂಟ್ ಹೊಡೆಯುವುದು, ನೆಲಕ್ಕೆ ಕೆರೆಯುತ್ತದೆ ಅಂತ ಕದದ ಬುಡ ಕತ್ತರಿಸುವುದು, ಇವು ರಿಪೇರಿಯಲ್ಲ. ಅಂಥ ಬಾಗಿಲನ್ನು ಬದಲಾಯಿಸಿ. ಲೇಬಲ್ಲೂ ಇಲ್ಲ, ಬಿಲ್ಡರ್ ಕಡೆಯ ಕಾಗದವೂ ಇಲ್ಲ ಅಂದರೂ ಅದೇ ತೀರ್ಮಾನ.

ಹಳೇ ಮರದ ಫ್ಲಶ್ ಡೋರ್‌ಗೆ ಬೆಂಕಿ ತಡೆಯುವ ಪೇಂಟ್ ಬಳಿದು ಫೈರ್ ಡೋರ್ ಮಾಡಿಕೊಡುತ್ತೇವೆ ಅನ್ನುವವರೂ ಬರುತ್ತಾರೆ. ಬ್ರಿಟನ್‌ನಲ್ಲಿ ಪಾರಂಪರಿಕ ಕಟ್ಟಡಗಳ ದಪ್ಪ ಮರದ ಬಾಗಿಲುಗಳನ್ನು ಹಲಗೆ, ಪೇಂಟ್, ಪಟ್ಟಿ ಸೇರಿಸಿ ಹೀಗೆ ಉಳಿಸಿಕೊಳ್ಳುವುದು ಉಂಟು. ಅಲ್ಲಿ ಮೂಲ ಬಾಗಿಲು ಉಳಿಯಬೇಕು ಅನ್ನುವ ಕಾರಣ ಇದೆ. ಒಳಗೆ ಟೊಳ್ಳಾದ ನಮ್ಮ ಫ್ಲಶ್ ಡೋರ್‌ಗೆ ಆ ಖರ್ಚು ದಂಡ.

3. ಅಳತೆ: ಇಲ್ಲಿ ಎಡವಿದರೆ ವಾಪಸ್ ಇಲ್ಲ

ಬಾಗಿಲ ಕಂಡಿಯ ಅಗಲವನ್ನು ಮೂರು ಕಡೆ ಅಳೆಯಿರಿ: ಬುಡ, ನಡು, ತಲೆ. ಎತ್ತರ ಎರಡು ಬದಿ. ಮೂಲೆಯಿಂದ ಮೂಲೆಗೆ ಎರಡೂ ಕರ್ಣ. ಗೋಡೆಯ ದಪ್ಪ ಗಾರೆ ಸಮೇತ. ನೆಲಕ್ಕೆ ಮುಂದೆ ಟೈಲ್ಸ್ ಹಾಕಿಸುವ ಯೋಚನೆ ಇದ್ದರೆ ಅದರ ದಪ್ಪ ಕೂಡ ಈಗಲೇ ಲೆಕ್ಕಕ್ಕೆ ಬರಬೇಕು.

ನಾವು ಸಿಕ್ಕಿಬೀಳುತ್ತಿದ್ದ ಹಳ್ಳ ಒಂದಿತ್ತು. ಮೊದಲು ಬಂದ ಮಾರಾಟಗಾರ "ಹಳೇ ಫ್ರೇಮ್ ಕೀಳೋದು ಬೇಡ ಸಾರ್, ಅದರೊಳಗೇ ಹೊಸ ಫ್ರೇಮ್ ಕೂರಿಸ್ತೀವಿ, ಧೂಳಿಲ್ಲ, ಗಲಾಟೆ ಇಲ್ಲ" ಅಂದ. ಕಮಿಟಿಗೆ ಬಹಳ ಇಷ್ಟವಾಯಿತು. ಆದರೆ ಹೊರಗೆ ಹೋಗುವ ಬಾಗಿಲಿನ ದಾರಿ ಕನಿಷ್ಠ 1,000 ಮಿ.ಮೀ. ಅಗಲ, 2,000 ಮಿ.ಮೀ. ಎತ್ತರ ಇರಬೇಕು ಅನ್ನುತ್ತದೆ ಕೋಡ್. ನಮ್ಮಲ್ಲಿ ಇದ್ದದ್ದು 1,040. ಫ್ರೇಮಿನೊಳಗೆ ಫ್ರೇಮ್ ಹಾಕಿದರೆ ಎರಡು ಬದಿ ಸೇರಿ ಸುಮಾರು 100 ಮಿ.ಮೀ. ಹೋಗುತ್ತಿತ್ತು. ಉಳಿಯುತ್ತಿದ್ದದ್ದು 940. ಹೊಸ ಬಾಗಿಲಿಗೆ ದುಡ್ಡು ಸುರಿದು, ಇದ್ದ ನಿಯಮವನ್ನೇ ಮುರಿದ ಹಾಗೆ ಆಗುತ್ತಿತ್ತು. ಟೇಪು ಹಿಡಿದು ತೋರಿಸಿದ ಮೇಲೆ ಆತ ಮಾತು ಬದಲಿಸಿದ.

ತೆರೆಯುವ ದಿಕ್ಕನ್ನೂ ಈಗಲೇ ಬರೆದುಕೊಳ್ಳಿ. ಜನ ಓಡುವ ಕಡೆಗೆ ಬಾಗಿಲು ತೆರೆಯಬೇಕು: ಮಹಡಿಗಳಲ್ಲಿ ಲಾಬಿಯಿಂದ ಮೆಟ್ಟಿಲ ಕಡೆಗೆ, ನೆಲಮಹಡಿಯಲ್ಲಿ ಮೆಟ್ಟಿಲಿಂದ ಹೊರಕ್ಕೆ. ತೆರೆದ ತಕ್ಷಣ ಮೆಟ್ಟಿಲು ಶುರುವಾಗಬಾರದು, ನಿಲ್ಲಲು ಜಗಲಿಯಷ್ಟು ಸಮತಟ್ಟು ಜಾಗ ಇರಬೇಕು. ಎಡಗೈ ಬಾಗಿಲಾ ಬಲಗೈ ಬಾಗಿಲಾ ಅನ್ನುವ ಗೊಂದಲ ಎಲ್ಲರಿಗೂ ಬರುತ್ತದೆ. ಶಬ್ದದಲ್ಲಿ ಬರೆಯಬೇಡಿ, ಪ್ರತಿ ಬಾಗಿಲಿಗೂ ಪುಟ್ಟ ಚಿತ್ರ ಬರೆದು ಹಿಂಜ್ ಎಲ್ಲಿ ಅಂತ ಗುರುತು ಮಾಡಿ.

ಬಾಗಿಲ ಜಾಗ, ಸಂಖ್ಯೆ, ಅಗಲ ಯಾವುದನ್ನೂ ಮಂಜೂರಾದ ನಕ್ಷೆ ನೋಡದೆ ಬದಲಿಸಬೇಡಿ. ಅಗ್ನಿಶಾಮಕ ಇಲಾಖೆ ಕೊಟ್ಟ ಎನ್‌ಒಸಿ ಆ ನಕ್ಷೆಯ ಮೇಲೆ ನಿಂತಿದೆ.

4. ಏನು ಆರ್ಡರ್ ಮಾಡಬೇಕು?

ಭಾರತದಲ್ಲಿ ಫೈರ್ ಡೋರ್‌ಗೆ ಇರುವ ಮಾನದಂಡ ಐಎಸ್ 3614. 2021ರಲ್ಲಿ ಅದು ಪರಿಷ್ಕರಣೆಯಾಗಿದೆ. ಮಾರಾಟಗಾರರಿಂದ ಪರೀಕ್ಷಾ ವರದಿ ಕೇಳಿ. ರೂರ್ಕಿಯ ಸೆಂಟ್ರಲ್ ಬಿಲ್ಡಿಂಗ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇಂಥ ಪರೀಕ್ಷೆ ಮಾಡುವ ಸಂಸ್ಥೆಗಳಲ್ಲಿ ಒಂದು. ವರದಿ ಕೈಗೆ ಬಂದಾಗ ಮೊದಲ ಪುಟದ ಮೊಹರು ನೋಡಿ ಸಮಾಧಾನಪಡಬೇಡಿ, ಒಳಗೆ ಓದಿ. ಪರೀಕ್ಷೆಯಾದ ಬಾಗಿಲು ಒಂಟಿ ಕದದ್ದಾ, ಜೋಡಿ ಕದದ್ದಾ? ಅಳತೆ ಎಷ್ಟು? ಗಾಜಿನ ಕಿಂಡಿ ಇತ್ತಾ? ಯಾವ ಹಿಂಜ್, ಯಾವ ಲಾಕ್? ನಮಗೆ ಬಂದ ಮೂರು ಕೊಟೇಶನ್‌ಗಳಲ್ಲಿ ಒಂದರ ವರದಿ ಗಾಜಿಲ್ಲದ ಬಾಗಿಲಿನದು, ಆದರೆ ಮಾರಲು ಹೊರಟದ್ದು ಗಾಜಿರುವ ಬಾಗಿಲು.

ಇನ್ನೊಂದು ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ: ಇನ್ಸುಲೇಷನ್ ಇದೆಯಾ? ತಗಡಿನೊಳಗೆ ರಟ್ಟಿನ ಜೇನುಗೂಡು ತುಂಬಿದ ಬಾಗಿಲು ಜ್ವಾಲೆಯನ್ನು ತಡೆಯಬಹುದು, ಬಿಸಿಯನ್ನು ತಡೆಯುವುದಿಲ್ಲ. ಆ ಕಡೆ ಉರಿಯುತ್ತಿದ್ದರೆ ಈ ಕಡೆ ತಗಡು ದೋಸೆ ಹೆಂಚಿನ ಹಾಗೆ ಕಾಯುತ್ತದೆ. ಮೆಟ್ಟಿಲಲ್ಲಿ ಇಳಿಯುವವರು ಅದರ ಪಕ್ಕದಲ್ಲೇ ಹಾದುಹೋಗಬೇಕು. ರಾಕ್‌ವುಲ್‌ನಂಥ ಖನಿಜ ಉಣ್ಣೆ ತುಂಬಿದ, ಇನ್ಸುಲೇಷನ್ ಪರೀಕ್ಷೆಯೂ ಆದ ಬಾಗಿಲುಗಳಲ್ಲಿ ಇಷ್ಟು ನಿಮಿಷದವರೆಗೆ ಆಚೆ ಬದಿಯ ಶಾಖ ಸರಾಸರಿ 140 ಡಿಗ್ರಿಗಿಂತ ಹೆಚ್ಚು ಏರಿಲ್ಲ ಅಂತ ವರದಿಯಲ್ಲಿ ಬರೆದಿರುತ್ತದೆ. ಬೆಲೆ ಜಾಸ್ತಿ. ದುಡ್ಡು ಕಡಿಮೆ ಇದ್ದರೆ ಬೇಸ್‌ಮೆಂಟ್, ಎಲೆಕ್ಟ್ರಿಕಲ್ ರೂಮ್, ಡಕ್ಟ್ ಇವಕ್ಕಾದರೂ ಇದನ್ನೇ ಹಾಕಿಸಿ. ಬೆಂಕಿ ಹುಟ್ಟುವ ಜಾಗ ಜಾಸ್ತಿ ಅವೇ ಅಲ್ವಾ?

ಮೆಟ್ಟಿಲು ತೊಳೆಯುವ ಅಭ್ಯಾಸ ನಮ್ಮಲ್ಲಿ ನಿಲ್ಲುವುದಿಲ್ಲ ಅಂತ ಒಪ್ಪಿಕೊಂಡೇ ಆರ್ಡರ್ ಮಾಡಿದೆವು. ಜಿಂಕ್ ಲೇಪದ ತಗಡು, ಮೇಲೆ ಪೌಡರ್ ಕೋಟಿಂಗ್, ಬುಡಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ. ಪಟ್ಟಿಯನ್ನು ಕಾರ್ಖಾನೆಯಲ್ಲೇ ಹಾಕಿಸಿಕೊಳ್ಳಿ. ಸೈಟಿನಲ್ಲಿ ತೂತು ಕೊರೆದು ಹಾಕಿದರೆ ಆ ತೂತಿನಿಂದಲೇ ನೀರು ಒಳಗೆ ಇಳಿಯುತ್ತದೆ.

ಲಾಕ್ ವಿಷಯದಲ್ಲಿ ಜಗಳ ಗ್ಯಾರಂಟಿ. ಒಳಗಿನಿಂದ ಹೊರಗೆ ಹೋಗುವವರಿಗೆ ಬೀಗದ ಕೈ ಬೇಕಾಗಬಾರದು, ಇದರಲ್ಲಿ ರಾಜಿ ಇಲ್ಲ. ಟೆರೇಸ್ ಬಾಗಿಲಿಗೆ ಬೀಗ ಹಾಕದಿದ್ದರೆ ಮಕ್ಕಳು ಹತ್ತುತ್ತಾರೆ, ಕಳ್ಳರು ಇಳಿಯುತ್ತಾರೆ ಅನ್ನುವ ಭಯವೂ ಸುಳ್ಳಲ್ಲ. ನಾವು ಅಲ್ಲಿ ಪ್ಯಾನಿಕ್ ಬಾರ್ ಹಾಕಿಸಿ, ಬಾಗಿಲು ತೆರೆದರೆ ಸೆಕ್ಯುರಿಟಿ ಕ್ಯಾಬಿನ್‌ನಲ್ಲಿ ಅಲಾರ್ಮ್ ಹೊಡೆಯುವ ಹಾಗೆ ಮಾಡಿದೆವು. ಅಡ್ಡಪಟ್ಟಿಯನ್ನು ಮೈಯಿಂದ ತಳ್ಳಿದರೂ ತೆರೆಯುತ್ತದೆ, ಹೊರಗಿನಿಂದ ಮಾತ್ರ ಕೀ ಬೇಕು.

ಮತ್ತೆ ಆ ಇಟ್ಟಿಗೆ ವಿಷಯ. ಗಾಳಿ ಬೆಳಕು ಬೇಕು ಅನ್ನುವುದು ನಿಜವಾದ ಕಷ್ಟ. ಬೈದರೆ ಎರಡು ದಿನ ಇಟ್ಟಿಗೆ ಮಾಯ, ಮೂರನೇ ದಿನ ತುಳಸಿ ಕುಂಡ ಬರುತ್ತದೆ. ಇದಕ್ಕೆ ಗೋಡೆಗೆ ಹಾಕುವ ವಿದ್ಯುತ್ ಮ್ಯಾಗ್ನೆಟ್ ಇದೆ. ಬಾಗಿಲನ್ನು ತೆರೆದು ಹಿಡಿದಿರುತ್ತದೆ. ಫೈರ್ ಅಲಾರ್ಮ್ ಹೊಡೆದರೆ ಅಥವಾ ಕರೆಂಟ್ ಹೋದರೆ ಬಿಟ್ಟುಬಿಡುತ್ತದೆ, ಕ್ಲೋಸರ್ ಬಾಗಿಲನ್ನು ಮುಚ್ಚುತ್ತದೆ. ಅಲಾರ್ಮ್ ಪ್ಯಾನೆಲ್ ಸರಿಯಾಗಿ ಕೆಲಸ ಮಾಡುವ ಕಟ್ಟಡದಲ್ಲಿ ಮಾತ್ರ ಇದನ್ನು ಹಾಕಿ. ನಾವು ನಾಲ್ಕು ಮಹಡಿಗಳಲ್ಲಿ ಹಾಕಿದೆವು, ಇಟ್ಟಿಗೆಗಳು ಹೋದವು. ಉಳಿದ ಮಹಡಿಗಳಿಗೆ ಬೆಂಕಿ ತಡೆಯುವ ಗಾಜಿನ ಕಿಂಡಿ ದೊಡ್ಡದಾಗಿ ಇಡಿಸಿದೆವು, ಲಾಬಿಗೆ ಬೆಳಕು ಬಂತು.

ಕೊಟೇಶನ್ ಹೋಲಿಸುವಾಗ ಒಂದು ಬಾಗಿಲಿಗೆ ಎಲ್ಲ ಸೇರಿ ಎಷ್ಟು ಅಂತ ಕೇಳಿ: ಹಳೇದು ಕೀಳುವುದು, ಫ್ರೇಮ್, ಕದ, ಕ್ಲೋಸರ್, ಲಾಕ್, ಸೀಲ್, ಗಾರೆ, ಪೇಂಟ್ ಟಚಪ್, ಕಸ ಸಾಗಿಸುವುದು, ಜಿಎಸ್‌ಟಿ. ಕದದ ರೇಟ್ ಕಡಿಮೆ ತೋರಿಸಿ ಕ್ಲೋಸರ್ 'ಎಕ್ಸ್‌ಟ್ರಾ' ಅನ್ನುವುದು ಹಳೇ ವರಸೆ.

5. ಹಾಕುವ ದಿನಗಳು

ಮೊದಲ ನಿಯಮ: ಎರಡೂ ಮೆಟ್ಟಿಲುಗಳನ್ನು ಒಟ್ಟಿಗೆ ಬಿಚ್ಚಬೇಡಿ. ಒಂದು ಮೆಟ್ಟಿಲು ಪೂರ್ತಿ ಮುಗಿದ ಮೇಲೆ ಇನ್ನೊಂದು. ಬೆಳಗ್ಗೆ ಬಿಚ್ಚಿದ ಬಾಗಿಲ ಕಂಡಿ ಸಂಜೆಗೆ ಬರಿದಾಗಿ ಉಳಿಯದ ಹಾಗೆ ದಿನಕ್ಕೆ ಎಷ್ಟು ಸಾಧ್ಯವೋ ಅಷ್ಟೇ ಬಿಚ್ಚಿಸಿ. ಒಂದೇ ಮೆಟ್ಟಿಲು ಇರುವ ಕಟ್ಟಡವಾದರೆ ದಿನಕ್ಕೆ ಒಂದೋ ಎರಡೋ, ಅಷ್ಟೇ. ವೆಲ್ಡಿಂಗ್, ಕಟಿಂಗ್ ಇದ್ದರೆ ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಮತ್ತು ಒಬ್ಬ ಮನುಷ್ಯ ಇರಲಿ. ಧೂಳಿಗೆ ಅಂತ ಸ್ಮೋಕ್ ಡಿಟೆಕ್ಟರ್‌ಗೆ ಕವರ್ ಹಾಕುತ್ತಾರೆ. ಸಂಜೆ ತೆಗೆಯಲು ಮರೆಯುತ್ತಾರೆ. ಯಾರು ತೆಗೆಯಬೇಕು ಅಂತ ಹೆಸರು ಬರೆದು ಅಂಟಿಸಿ.

ಚೌಕಟ್ಟು ಕೂರಿಸುವಾಗ ಒಬ್ಬರು ನಿಂತು ನೋಡಲೇಬೇಕು. ತೂಕದ ಗುಂಡು ಬಿಟ್ಟು ಎರಡೂ ಬದಿ ನೆಟ್ಟಗಿದೆಯಾ, ತಲೆ ಸಮತಟ್ಟಾಗಿದೆಯಾ ನೋಡಿ. ಚೌಕಟ್ಟು ಓರೆ ಕೂತರೆ ಆಮೇಲೆ ಯಾವ ಹಿಂಜ್, ಯಾವ ಕ್ಲೋಸರ್ ಕೂಡ ಅದನ್ನು ಸರಿಮಾಡುವುದಿಲ್ಲ. ಆ್ಯಂಕರ್ ಬೋಲ್ಟ್ ಗಟ್ಟಿ ಗೋಡೆಗೆ ಹೋಗಬೇಕು, ಗಾರೆಗೆ ಅಲ್ಲ.

ನಮ್ಮ ಕೆಲಸದಲ್ಲಿ ಆದ ದೊಡ್ಡ ತಪ್ಪು ಇಲ್ಲೇ. ಚೌಕಟ್ಟಿಗೂ ಗೋಡೆಗೂ ನಡುವೆ ಅಲ್ಲಲ್ಲಿ ಎರಡು ಬೆರಳು ಸಂದು ಇತ್ತು. ಮೊದಲ ದಿನ ನಾಲ್ಕು ಬಾಗಿಲು ಮುಗಿಸಿ, ಮೇಲೆ ಚೆನ್ನಾಗಿ ಗಾರೆ ಸವರಿ ಹೋಗಿದ್ದರು. ಅನುಮಾನ ಬಂದು ಒಂದು ಕಡೆ ಗಾರೆ ಕೆರೆದೆ. ಒಳಗೆ ಹಳದಿ ಫೋಮ್, ಎಸಿ ಪೈಪ್ ತೂತು ಮುಚ್ಚಲು ಡಬ್ಬಿಯಿಂದ ಹೊಡೆಯುತ್ತಾರಲ್ಲ, ಅದೇ. ಚೂರು ಕಿತ್ತು ಕೆಳಗೆ ಅಂಗಳಕ್ಕೆ ಒಯ್ದು ಬೆಂಕಿಕಡ್ಡಿ ಹಚ್ಚಿದೆ. ಕರಗಿ, ಕಪ್ಪು ಹೊಗೆ ಬಿಟ್ಟು ಉರಿಯಿತು. ಎರಡು ಗಂಟೆ ತಡೆಯುವ ಬಾಗಿಲಿನ ಸುತ್ತ ಎರಡು ನಿಮಿಷವೂ ತಡೆಯದ ತುಂಬು. ನಾಲ್ಕನ್ನೂ ಬಿಚ್ಚಿಸಿದೆವು. ಚೌಕಟ್ಟಿನ ಒಳಗೆ ಸಿಮೆಂಟ್ ಗಾರೆ ತುಂಬಬೇಕು. ಗೋಡೆ ಕಡೆಯ ಸಂದಿಗೆ ಗಾರೆ, ಇಲ್ಲವೇ ರಾಕ್‌ವುಲ್ ತುರುಕಿ ಮೇಲೆ ಫೈರ್ ಸೀಲೆಂಟ್. ಸರ್ಟಿಫಿಕೇಟ್‌ನಲ್ಲಿ ಹೇಗೆ ಕೂರಿಸಿದ್ದರೋ ಹಾಗೆ. ಗಾರೆ ಗಟ್ಟಿಯಾಗುವ ಮುಂಚೆ ಕದ ನೇತುಹಾಕಲು ಬಿಡಬೇಡಿ, ಕದದ ಭಾರಕ್ಕೆ ಚೌಕಟ್ಟು ವಾಲುತ್ತದೆ.

ಈ ಅನುಭವದ ಮೇಲೆ ಒಂದು ಸಲಹೆ: ಮೊದಲು ಒಂದೇ ಬಾಗಿಲು ಮಾದರಿಗೆ ಹಾಕಿಸಿ. ಗಾರೆ ಸವರುವ ಮುಂಚೆ ಫೋಟೊ ತೆಗೆಸಿ. ಅದು ಪಾಸಾದ ಮೇಲೆ ಉಳಿದದ್ದಕ್ಕೆ ಹಣ.

ಕ್ಲೋಸರ್‌ನಲ್ಲಿ ಸಾಮಾನ್ಯವಾಗಿ ಎರಡು ಸ್ಕ್ರೂ ಇರುತ್ತವೆ. ಒಂದು ಬಾಗಿಲು ಬೀಸುವ ವೇಗಕ್ಕೆ, ಇನ್ನೊಂದು ಕೊನೆಯಲ್ಲಿ ಚಿಲಕ ಬೀಳುವ ಹೊಡೆತಕ್ಕೆ. ಕಾಲು ಸುತ್ತು ತಿರುಗಿಸಿ, ಬಿಟ್ಟು ನೋಡಿ, ಮತ್ತೆ ಕಾಲು ಸುತ್ತು. ಪೂರ್ತಿ ಬಿಚ್ಚಿದರೆ ಎಣ್ಣೆ ಹೊರಗೆ ಬಂದು ಕ್ಲೋಸರ್ ಅಲ್ಲಿಗೆ ಮುಗಿಯಿತು. ಬಲ ಜಾಸ್ತಿ ಇಟ್ಟರೆ ಇನ್ನೊಂದು ತೊಂದರೆ. ನಮ್ಮ ಎಂಟನೇ ಮಹಡಿಯ ಅಜ್ಜಿ ಹೊಸ ಬಾಗಿಲನ್ನು ಭುಜ ಕೊಟ್ಟು ತಳ್ಳಿದರೂ ತೆರೆಯಲಾಗಲಿಲ್ಲ. "ಏನಪ್ಪಾ, ಬೆಂಕಿ ಬಿದ್ದಾಗ ನನ್ನ ಒಳಗೇ ಇಡೋಕೆ ಮಾಡ್ಸಿದ್ಯಾ?" ಅಂದರು. ಅವರನ್ನೇ ನಿಲ್ಲಿಸಿಕೊಂಡು ಅವತ್ತು ಎಲ್ಲ ಕ್ಲೋಸರ್‌ಗಳ ಬಲ ಹೊಂದಿಸಿದೆವು. ಎತ್ತರದ ಕಟ್ಟಡಗಳಲ್ಲಿ ಬೆಂಕಿಯ ವೇಳೆ ಫ್ಯಾನ್‌ನಿಂದ ಮೆಟ್ಟಿಲಿಗೆ ಗಾಳಿ ತುಂಬುವ ವ್ಯವಸ್ಥೆ ಇರುತ್ತದೆ. ಇದ್ದರೆ ಆ ಫ್ಯಾನ್ ಓಡಿಸಿಯೇ ಬಾಗಿಲು ಪರೀಕ್ಷಿಸಿ. ಗಾಳಿಯ ಒತ್ತಡದಲ್ಲಿ ಬಾಗಿಲು ತೆರೆಯುವುದೂ ಮುಚ್ಚುವುದೂ ಬೇರೆಯೇ ಆಗಿರುತ್ತದೆ.

6. ಕೊನೆಯ ಕಂತು ಕೊಡುವ ಮುಂಚೆ

ರಾತ್ರಿ ಹೋಗಿ. ಲಾಬಿಯ ದೀಪ ಆರಿಸಿ, ಬಾಗಿಲ ಆಚೆ ಒಬ್ಬರು ಟಾರ್ಚ್ ಹಿಡಿದು ಅಂಚಿನುದ್ದಕ್ಕೂ ನಿಧಾನಕ್ಕೆ ಸರಿಸಲಿ. ಈಚೆ ನಿಂತವರಿಗೆ ಬೆಳಕಿನ ಗೆರೆ ಕಂಡ ಕಡೆ ಚಾಕ್‌ನಲ್ಲಿ ಗುರುತು ಹಾಕಿ. ಆಮೇಲೆ ಊದುಬತ್ತಿ. ಹಚ್ಚಿ ಸಂದಿನ ಹತ್ತಿರ ಹಿಡಿದರೆ ಹೊಗೆ ನೆಟ್ಟಗೆ ಏರಬೇಕು. ಒಂದು ಕಡೆ ಬಾಗಿ ಸಂದಿನೊಳಗೆ ನುಗ್ಗಿದರೆ ಅಲ್ಲಿ ಸೀಲ್ ಕೂತಿಲ್ಲ. ಇದು ಲ್ಯಾಬ್ ಪರೀಕ್ಷೆ ಅಲ್ಲ. ಆದರೆ ಕಂಟ್ರಾಕ್ಟರ್ ಎದುರಿಗೆ ಇದಕ್ಕಿಂತ ಒಳ್ಳೆ ಸಾಕ್ಷಿ ನನಗೆ ಸಿಕ್ಕಿಲ್ಲ. ನಮ್ಮಲ್ಲಿ 13 ಹೊಸ ಬಾಗಿಲುಗಳಲ್ಲಿ ಮೂರು ಹೀಗೆ ಸಿಕ್ಕಿಬಿದ್ದವು.

ಇವುಗಳ ಜೊತೆ ನಾಣ್ಯ, ಗೇಣು ತೆರೆದು ಬಿಡುವುದು, ಲೇಬಲ್ ನಂಬರ್ ಮತ್ತು ಬಿಲ್ಲಿನ ನಂಬರ್ ತಾಳೆ ನೋಡುವುದು ಎಲ್ಲ ಆಗಲಿ. ಪರೀಕ್ಷಾ ವರದಿ, ವಾರಂಟಿ, ಹಾರ್ಡ್‌ವೇರ್ ಪಟ್ಟಿ, ಫೋಟೊಗಳನ್ನು ಒಂದು ಫೈಲ್‌ಗೆ ಹಾಕಿ. ಎನ್‌ಒಸಿ ನವೀಕರಣಕ್ಕೆ ಇಲಾಖೆಯವರು ಬಂದಾಗ ಈ ಫೈಲ್ ಮೇಜಿನ ಮೇಲಿದ್ದರೆ ಅರ್ಧ ಕೆಲಸ ಮುಗಿದಂತೆ.

7. ಮನೆಯ ಮುಂಬಾಗಿಲು, ಮತ್ತು ಬ್ರಿಟನ್‌ನಲ್ಲಿರುವ ನಮ್ಮವರಿಗೆ

ಇಂಗ್ಲೆಂಡಿನ ಫ್ಲ್ಯಾಟ್‌ಗಳಲ್ಲಿ ಮನೆಯ ಮುಂಬಾಗಿಲೇ ಫೈರ್ ಡೋರ್. ಹೆಚ್ಚಾಗಿ ಕೇಳುವುದು 'ಎಫ್‌ಡಿ 30 ಎಸ್': 30 ನಿಮಿಷ ಬೆಂಕಿ, ಜೊತೆಗೆ ಹೊಗೆ ಸೀಲ್. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಬೆಂಕಿಯಲ್ಲಿ 72 ಜನ ಸತ್ತರು. ಕಟ್ಟಡದ ಹೊರಮೈಗೆ ಹೊದಿಸಿದ್ದ ಹಲಗೆಗಳಿಂದ ಬೆಂಕಿ ಹಬ್ಬಿತು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಹಲವು ಫ್ಲ್ಯಾಟ್‌ಗಳ ಬಾಗಿಲಿಗೆ ಕ್ಲೋಸರ್ ಇರಲಿಲ್ಲ ಅಥವಾ ಕೆಟ್ಟಿತ್ತು, ಜನ ಓಡಿದಾಗ ಬಾಗಿಲು ತೆರೆದೇ ಉಳಿದು ಹೊಗೆ ಲಾಬಿಗೆ ಬಂತು ಅನ್ನುವುದೂ ತನಿಖೆಯಲ್ಲಿ ಹೊರಬಿತ್ತು. 2023ರ ಜನವರಿ 23ರಿಂದ ಅಲ್ಲಿ ಹೊಸ ನಿಯಮ ಜಾರಿಯಲ್ಲಿದೆ. 11 ಮೀಟರ್‌ಗಿಂತ ಎತ್ತರದ ವಸತಿ ಕಟ್ಟಡದಲ್ಲಿ ಸಾಮಾನ್ಯ ಜಾಗದ ಫೈರ್ ಡೋರ್‌ಗಳನ್ನು ಮೂರು ತಿಂಗಳಿಗೊಮ್ಮೆ, ಫ್ಲ್ಯಾಟ್ ಮುಂಬಾಗಿಲುಗಳನ್ನು ವರ್ಷಕ್ಕೊಮ್ಮೆ ನೋಡಬೇಕು. ನೀವು ಅಲ್ಲಿ ಫ್ಲ್ಯಾಟ್ ಕೊಂಡಿದ್ದರೆ, ಬಾಗಿಲು ಧಡ್ ಅನ್ನುತ್ತದೆ ಅಂತ ಕ್ಲೋಸರ್ ಬಿಚ್ಚಿಡಬೇಡಿ. ಬಾಗಿಲು ಬದಲಿಸುವ ಮುಂಚೆ ಕಟ್ಟಡ ನೋಡಿಕೊಳ್ಳುವವರ ಒಪ್ಪಿಗೆ ಬರಹದಲ್ಲಿ ಪಡೆಯಿರಿ.

ಬೆಂಗಳೂರಿನಲ್ಲಿ ಮುಂಬಾಗಿಲು ಎಂದರೆ ತೇಗದ ಕದ, ಅದರಾಚೆ ಕಬ್ಬಿಣದ ಗ್ರಿಲ್. ಅದನ್ನು ಕೀಳಿ ಅಂತ ನಾನು ಹೇಳಲ್ಲ, ಹೇಳಿದರೂ ಯಾರೂ ಕೇಳಲ್ಲ. ಗ್ರಿಲ್‌ಗೆ ಒಳಗಿನಿಂದ ಕೀ ಇಲ್ಲದೆ ತೆರೆಯುವ ಚಿಲಕ ಹಾಕಿಸಿ. ಕದದ ಸುತ್ತ ಹೊಗೆ ಪಟ್ಟಿ ಅಂಟಿಸಿ. ಮನೆಯಲ್ಲಿ ಬೆಂಕಿ ಬಿದ್ದು ಹೊರಗೆ ಓಡುವಾಗ ಬಾಗಿಲು ಎಳೆದುಕೊಂಡು ಹೋಗಬೇಕು ಅಂತ ಮಕ್ಕಳಿಗೂ ಹೇಳಿಕೊಡಿ. ಶೂ ರ‍್ಯಾಕ್, ಸೈಕಲ್, ಹಳೇ ಪೇಪರ್ ಮೂಟೆ ಲಾಬಿಯಲ್ಲಿ ಬೇಡ.

8. ಆಮೇಲೆ

ಮೂರು ತಿಂಗಳಿಗೊಮ್ಮೆ ಒಂದು ಸುತ್ತು ಸಾಕು. ನಾವು ರಿಜಿಸ್ಟರ್ ಇಟ್ಟಿದ್ದೇವೆ: ಬಾಗಿಲ ನಂಬರ್, ಮುಚ್ಚಿತಾ, ಚಿಲಕ ಬಿತ್ತಾ, ಸಂದು, ಸೀಲ್, ಬುಡ. 22 ಬಾಗಿಲಿಗೆ ಒಂದೂವರೆ ಗಂಟೆ. ಪೇಂಟರ್ ಬಂದ ದಿನ ಮಾತ್ರ ಯಾರಾದರೂ ಕಾವಲು ಇರಿ. ಸೀಲ್ ಮೇಲೆ, ಲೇಬಲ್ ಮೇಲೆ, ಹಿಂಜ್ ಮೇಲೆ ಒಂದೇ ಸಮ ಬಳಿಯುತ್ತಾರೆ.

ಹೌಸ್‌ಕೀಪಿಂಗ್ ಅಕ್ಕನಿಗೆ ಆಸಿಡ್ ನಿಲ್ಲಿಸಿ ಅಂತ ಮೂರು ಸಲ ಹೇಳಿದೆ, ಪ್ರಯೋಜನವಾಗಲಿಲ್ಲ. ನಾಲ್ಕನೇ ಸಲ ಎ-2ರ ಹಳೇ ಬಾಗಿಲಿನ ಕೊಳೆತ ತುಂಡನ್ನು ತೋರಿಸಿದೆ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಇದು ನಾನ್ ಮಾಡಿದ್ದಾ?" ಅಂದರು. ಈಗ ಬಾಗಿಲ ಹತ್ತಿರ ಬಟ್ಟೆ ಹಿಂಡಿ ಒರೆಸುತ್ತಾರೆ, ಬಕೆಟ್ ನೀರು ಮೆಟ್ಟಿಲಿಗೆ ಮಾತ್ರ.